ಗುರುಗಳ ಟಿಪ್ಪಣಿಗಳನ್ನು ಅಚ್ಚು ಹಾಕಿಸಲು ಶಿಷ್ಯರ ಮನವಿ

ಕ್ರಿಸ್ತನಲ್ಲಿ ಪ್ರಿಯರೇ, ಸಭೆಯ ಹಿರಿಯರೇ, ಹಳೆಯ ಸಹಪಾಠಿಗಳೇ,

ಮಂಗಳೂರಿನಲ್ಲಿ ನಮಗೆ ದೈವಶಾಸ್ತ್ರ ಕಲಿಸಿದ ಗುರುಗಳು ನಿವೃತ್ತರಾಗಿ ಬಹಳ ಕಾಲವಾಯಿತು. ಪಾಠಕ್ಕೆಂದು ಅವರು ಕನ್ನಡದಲ್ಲಿ ಬರೆದು, ಸೈಕ್ಲೋಸ್ಟೈಲ್ ಮಾಡಿಸಿ ಹಂಚುತ್ತಿದ್ದ ಟಿಪ್ಪಣಿಗಳು ಇನ್ನೂ ನಮ್ಮ ಟ್ರಂಕುಗಳಲ್ಲೇ ಇವೆ. ದಾರದಲ್ಲಿ ಹೊಲಿದ ಆ ಹಾಳೆಗಳ ಅಂಚು ಪುಡಿಯಾಗುತ್ತಿದೆ, ಕರಾವಳಿಯ ಮಳೆಗಾಲಕ್ಕೆ ಕೆಲವು ಈಗಾಗಲೇ ಗೆದ್ದಲು ಹಿಡಿದು ಹೋದವು. ಉಳಿದವನ್ನು ಡಿಟಿಪಿ ಮಾಡಿಸಿ ಪುಸ್ತಕವಾಗಿ ತರಬೇಕು, ಹಳ್ಳಿಯ ಸಭೆಗಳಿಂದ ದೈವಶಾಸ್ತ್ರ ಓದಲು ಬರುವ ಮಕ್ಕಳ ಹಾಸ್ಟೆಲ್ ಮತ್ತು ಮೆಸ್ ಖರ್ಚಿಗೆ ಒಂದು ನಿಧಿ ಇಡಬೇಕು ಎಂದು ನಾವು ಶಿಷ್ಯರು ಸೇರಿ ಟ್ರಸ್ಟ್ ಮಾಡಿಕೊಂಡಿದ್ದೇವೆ.

ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಅದೇ ಮಿಶನ್ನಿನ ಮೊಗ್ಲಿಂಗರು 1843ರಲ್ಲಿ ಇಲ್ಲಿಂದಲೇ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರತಂದರು, ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಇಲ್ಲೇ ಅಚ್ಚಾಯಿತು. ಅಂಥ ಊರಿನಲ್ಲಿ ಓದಿದ ನಮ್ಮ ಕೈಗೆ ಸಿಕ್ಕ ಪಠ್ಯಗಳು ಮಾತ್ರ ಹೆಚ್ಚಿನವು ಇಂಗ್ಲಿಷಿನವು. ಕನ್ನಡ ಮಾಧ್ಯಮದಿಂದ ಬಂದ ನಾವು ಅರ್ಥವಾಗದಿದ್ದರೂ ತಲೆಯಾಡಿಸುತ್ತಿದ್ದೆವು. ಗುರುಗಳಿಗೆ ಅದು ಗೊತ್ತಾಗುತ್ತಿತ್ತು. ಮರುದಿನ ಅದೇ ಪಾಠ ಕನ್ನಡದಲ್ಲಿ ಬರುತ್ತಿತ್ತು. ಗ್ರೀಕ್ ವ್ಯಾಕರಣವನ್ನೂ ನಮ್ಮ ಪ್ರಥಮಾ, ಷಷ್ಠೀ ವಿಭಕ್ತಿಗಳಿಗೆ ಜೋಡಿಸಿಯೇ ಹೇಳಿಕೊಟ್ಟರು.

ನನ್ನ ವಿಶ್ವಾಸಕ್ಕೆ ಬುನಾದಿಯಾದದ್ದು ಮಾತ್ರ ಬೇರೆ. ಸಹಪಾಠಿಯೊಬ್ಬನ ತಮ್ಮ ಅಪಘಾತದಲ್ಲಿ ತೀರಿಕೊಂಡ. ಊರಿಂದ ಹಿಂತಿರುಗಿದವನು ಬೆಳಗಿನ ಆರಾಧನೆಗೆ ಬರುವುದನ್ನೇ ನಿಲ್ಲಿಸಿದ. ಗುರುಗಳು ಅವನನ್ನು ಗದರಿಸಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಅವನ ಕೋಣೆಗೆ ಹೋಗಿ ಬೈಬಲ್ಲಿನ ಎಂಬತ್ತೆಂಟನೆಯ ಕೀರ್ತನೆ ಓದಿ ಬಂದರಂತೆ. ಬೇರೆ ಶೋಕಗೀತೆಗಳು ಸಾಮಾನ್ಯವಾಗಿ ಸ್ತುತಿಗೆ ತಿರುಗುತ್ತವೆ, ಇದು ಕತ್ತಲೆಯಲ್ಲೇ ಮುಗಿಯುತ್ತದೆ. “ಇದೂ ಬೈಬಲ್ಲಿನಲ್ಲೇ ಇದೆ ಮಾರಾಯ, ನೀನು ಸಿಟ್ಟು ಮಾಡಿದರೆ ದೇವರಿಗೇನೂ ಬೇಜಾರಿಲ್ಲ” ಎಂದರಂತೆ. ಆ ಗೆಳೆಯ ಇವತ್ತು ಸಭಾಪಾಲಕ. ನಾನೂ ಅದೇ ಸೇವೆಯಲ್ಲಿದ್ದೇನೆ. ಸಾವಿನ ಮನೆಗೆ ಹೋದಾಗ “ಎಲ್ಲಾ ದೇವರ ಚಿತ್ತ” ಎಂದು ಬಾಯಿಪಾಠ ಒಪ್ಪಿಸದೆ ಸುಮ್ಮನೆ ಕೂರುವ ಧೈರ್ಯ ಬಂದದ್ದು ಅವರಿಂದ. (ಮನೆ ಭೇಟಿಗೆ ಕರೆದುಕೊಂಡು ಹೋದಾಗ ನಮಗಿದ್ದ ಅಪ್ಪಣೆಯೂ ಅದೇ: ಮೊದಲು ಕೇಳಿ, ಚಹಾ ಕೊಟ್ಟರೆ ಕುಡಿಯಿರಿ, ಪ್ರಾರ್ಥನೆ ಕೊನೆಗೆ, ಅದೂ ಚಿಕ್ಕದಾಗಿ.)

ನಿಧಿಗೆ ಅವರ ಹೆಸರಿಡುತ್ತೇವೆ ಎಂದರೆ ಗುರುಗಳು ಒಪ್ಪಲಿಲ್ಲ. “ಹೆಸರು ಬೇಡ, ಮಕ್ಕಳ ಊಟ ನೋಡಿಕೊಳ್ಳಿ” ಎಂದರು. ಆದ್ದರಿಂದ ಈ ಪತ್ರದಲ್ಲೂ ಹೆಸರಿಲ್ಲ, ಅವರ ಬಳಿ ಓದಿದವರಿಗೆ ಯಾರೆಂದು ಗೊತ್ತಾಗುತ್ತದೆ.

ನೂರು ರೂಪಾಯಿಯಾದರೂ ಸರಿ, ಒಬ್ಬ ವಿದ್ಯಾರ್ಥಿಯ ಒಂದು ತಿಂಗಳ ಮೆಸ್ ಖರ್ಚಾದರೂ ಸರಿ, ನಿಮ್ಮ ಶಕ್ತಿಯಿದ್ದಷ್ಟು ಕೊಡಿ. ಬೆಳೆ ಹಬ್ಬದ ಏಲಂನಲ್ಲಿ ಒಂದು ತೆಂಗಿನಕಾಯಿಯನ್ನು ಈ ನಿಧಿಗೆಂದು ಕೂಗಿಸಿದರೂ ಸಂತೋಷ. ದುಬೈ, ಮುಂಬಯಿಯಲ್ಲಿರುವ ನಮ್ಮವರು ನೇರವಾಗಿ ಟ್ರಸ್ಟಿನ ಖಾತೆಗೆ ಹಾಕಬಹುದು, ವಿವರ ನಿಮ್ಮ ಸಭಾಪಾಲಕರ ಬಳಿ ಇದೆ. ಎಲ್ಲದಕ್ಕೂ ರಶೀದಿ ಕೊಡುತ್ತೇವೆ. ಪುಸ್ತಕದ ಲೆಕ್ಕ, ಮೆಸ್ಸಿನ ಲೆಕ್ಕ ಎರಡನ್ನೂ ಬೇರೆ ಬೇರೆ ಬರೆದು ವರ್ಷಕ್ಕೊಮ್ಮೆ ಸಭೆಗಳಿಗೆ ಕಳಿಸುತ್ತೇವೆ.

ಹಣಕ್ಕಿಂತ ಮೊದಲು ಇನ್ನೊಂದು ಬೇಡಿಕೆ. ಬೈಬಲ್ಲಿನ ಯೋಬನ ಗ್ರಂಥದ ಮೇಲೆ ಗುರುಗಳು ಬರೆದ ಟಿಪ್ಪಣಿಯ ಕೊನೆಯ ಭಾಗ ನಮ್ಮಲ್ಲಿ ಯಾರ ಹತ್ತಿರವೂ ಇಲ್ಲ. ಅಟ್ಟದಲ್ಲೋ ಹಳೆಯ ಪೆಟ್ಟಿಗೆಯಲ್ಲೋ ಹುಡುಕಿ. ಹರಿದಿದ್ದರೂ ಪರವಾಗಿಲ್ಲ, ನಕಲು ಮಾಡಿಕೊಂಡು ನಾವೇ ತಂದು ವಾಪಸ್ ಕೊಡುತ್ತೇವೆ.

ಪ್ರಭುವಿನ ಸೇವೆಯಲ್ಲಿ,
ಟ್ರಸ್ಟಿನ ಪರವಾಗಿ ಒಬ್ಬ ಶಿಷ್ಯ