ಠೇವಣಿಯ ಮಾತು ಬಿಟ್ಟು ಅವರ ಮಾತು ಕೇಳೋಣ

ಮಾನ್ಯರೇ,

ಬೀಡಿ ಕಟ್ಟಿ ಬದುಕುವ ನಮ್ಮೂರಿನ ಮಹಿಳೆಯೊಬ್ಬರು ಕೇರಳದ ಮಂಜೇಶ್ವರ ವಿಧಾನಸಭಾ ಕ್ಷೇತ್ರದಲ್ಲಿ ಪಕ್ಷೇತರರಾಗಿ ಸ್ಪರ್ಧಿಸಲು ಹೊರಟಿದ್ದಾರೆ. ‘ಠೇವಣಿ ಉಳಿದೀತೇ?’ ಎಂಬುದೊಂದನ್ನು ಬಿಟ್ಟು ಅವರನ್ನು ಯಾರೂ ಬೇರೇನೂ ಕೇಳದಿರುವುದು ಬೇಸರದ ಸಂಗತಿ. ಸಾಮಾನ್ಯ ವರ್ಗದ ಅಭ್ಯರ್ಥಿಗೆ ಠೇವಣಿ 10,000 ರೂಪಾಯಿ. ಚಲಾವಣೆಯಾದ ಸಿಂಧು ಮತಗಳ ಆರನೇ ಒಂದು ಭಾಗ ದಾಟದಿದ್ದರೆ ಅದು ಹೋಯಿತು. ಶ್ರೀಮಂತರಿಗೆ ಇದು ಲೆಕ್ಕಕ್ಕಿಲ್ಲ. ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಎಲೆ ಕತ್ತರಿಸಿ, ನೂಲು ಸುತ್ತಿ, ಬೀಡಿ ಕಂಪನಿಯ ಬ್ರಾಂಚಿಗೆ ಬೀಡಿ ಕೊಟ್ಟು ಬರುವವರಿಗೆ ಅದು ಎಷ್ಟೋ ದಿನಗಳ ದುಡಿಮೆ. ಪ್ರಚಾರಕ್ಕೆ ಹೋದ ದಿನ ಕೂಲಿಯೂ ಇಲ್ಲ.

2016ರಲ್ಲಿ ಇಲ್ಲಿ ಗೆಲುವಿನ ಅಂತರ ಬರೇ 89 ಮತ. ಅದನ್ನೇ ಹೇಳಿ ಇಂಥವರನ್ನು ‘ಮತ ಒಡೆಯುವವರು’ ಎಂದು ಹಿಂದೆ ಸರಿಸುತ್ತಾರೆ. ನನಗೆ ಇದು ಅನ್ಯಾಯವಾಗಿ ಕಾಣುತ್ತದೆ. ಮತ ಯಾರ ಪಿತ್ರಾರ್ಜಿತ ಆಸ್ತಿಯೂ ಅಲ್ಲವಲ್ಲ! ಕೂಲಿ, ಪಿಂಚಣಿ, ಮಕ್ಕಳ ಕನ್ನಡ ಶಾಲೆ, ಇವುಗಳ ಕಷ್ಟ ಅವರು ಉಂಡದ್ದು.

ಪ್ರತಿ ಪಂಚಾಯತಿನ ಗ್ರಂಥಾಲಯಗಳು ಸಂಜೆ ಹೊತ್ತು, ಕೆಲಸ ಮುಗಿದ ಮೇಲೆ, ಎಲ್ಲ ಅಭ್ಯರ್ಥಿಗಳನ್ನೂ ಒಂದೇ ವೇದಿಕೆಗೆ ಕರೆದು ಕನ್ನಡದಲ್ಲೂ ಮಲಯಾಳದಲ್ಲೂ ಸಮಾನ ಸಮಯ ಕೊಟ್ಟು ಮಾತನಾಡಿಸಲಿ. ತಮ್ಮ ಪತ್ರಿಕೆಯೂ ಪಕ್ಷೇತರರ ಮಾತಿಗೆ ಅಷ್ಟೇ ಜಾಗ ಕೊಡಬೇಕೆಂದು ವಿನಂತಿ.

– ಓರ್ವ ಮತದಾರ, ಪೈವಳಿಕೆ