ಪಲ್ಪ್ ತೊಟ್ಟಿಗೆ ಇಳಿಯುವ ಮುನ್ನ

ಮಾನ್ಯರೇ,

ಕಾಗದ ಕಾರ್ಖಾನೆಯಲ್ಲಿ ರೋಲರಿಗೆ ಕೈ ಸಿಕ್ಕೀತೆಂಬ ಭಯ ಎಲ್ಲರಿಗೂ ಇದೆ. ಪಲ್ಪ್ (ಕಾಗದವಾಗುವ ನಾರಿನ ಗಂಜಿ) ತೊಟ್ಟಿಯೊಳಗಿನ ಗಾಳಿಯ ಭಯ ಇಲ್ಲ. ದುರಸ್ತಿಗೆಂದು ಯಂತ್ರ ನಿಂತಾಗ ತೊಟ್ಟಿಯಲ್ಲಿ ಉಳಿದ ಪಲ್ಪ್ ಕೊಳೆಯುತ್ತದೆ. ಆಮ್ಲಜನಕ ಖಾಲಿಯಾಗಿ, ಬ್ಯಾಕ್ಟೀರಿಯಾಗಳಿಂದ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಗಾಳಿಗಿಂತ ಭಾರವಾದ ಈ ಅನಿಲ ತಳದಲ್ಲೇ ಕೂರುತ್ತದೆ, ಕೆಸರಿನಲ್ಲೂ ಕರಗಿರುತ್ತದೆ. ಗುದ್ದಲಿ ಹಾಕಿ ಕಲಕಿದೊಡನೆ ಭಗ್ಗನೆ ಹೊರಬರುತ್ತದೆ. ಬೆಳಿಗ್ಗೆ ಅನಿಲ ಅಳೆಯುವ ಮೀಟರ್ ಹಿಡಿದು ನೋಡಿದ್ದು ಮಧ್ಯಾಹ್ನಕ್ಕೆ ಲೆಕ್ಕಕ್ಕಿಲ್ಲ.

‘ಕೊಳೆತ ಮೊಟ್ಟೆ ವಾಸನೆ ಬಂದ್ರೆ ಹತ್ತಿ ಬರ್ತೀವಿ’ ಎಂಬ ಧೈರ್ಯ ಬೇಡ. ಅನಿಲ ಸುಮಾರು 100 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ 100 ಪಾಲು) ಮುಟ್ಟಿದರೆ ಮೂಗೇ ಕೆಲಸ ನಿಲ್ಲಿಸುತ್ತದೆ. ಫಿಲ್ಟರ್ ಮಾಸ್ಕ್ ಆಮ್ಲಜನಕ ಕೊಡುವುದಿಲ್ಲ.

ಪೈಪಿನ ವಾಲ್ವ್ ಮುಚ್ಚಿದರೆ ಸಾಲದು, ಬ್ಲೈಂಡ್ ಫ್ಲೇಂಜ್ (ಪೈಪಿನ ಬಾಯಿ ಪೂರ್ತಿ ಮುಚ್ಚುವ ತಟ್ಟೆ) ಹಾಕಬೇಕು. ಪಲ್ಪ್ ಕಲಕುವ ಅಜಿಟೇಟರ್ ಸ್ವಿಚ್ಚಿಗೆ ಬೀಗ. ಕೀಲಿ ಇಳಿಯುವವನ ಜೇಬಿನಲ್ಲಿ. ತೊಳೆದು, ಬ್ಲೋವರಿನಿಂದ ತಳದವರೆಗೆ ಗಾಳಿ ಊದಿ, ಮೇಲೆ, ನಡುವೆ, ತಳದಲ್ಲಿ ಅಳೆಯಬೇಕು. ಆಮ್ಲಜನಕ 19.5%ಗಿಂತ ಕಡಿಮೆಯಿದ್ದರೆ ಇಳಿಯುವ ಮಾತೇ ಇಲ್ಲ. 1948ರ ಕಾರ್ಖಾನೆ ಕಾಯ್ದೆಯ 36ನೇ ಕಲಂ ಅಪಾಯಕಾರಿ ಅನಿಲ ಇಲ್ಲವೆಂಬ ಲಿಖಿತ ಪ್ರಮಾಣಪತ್ರ, ‘ಇಲ್ಲವೇ’ ಉಸಿರಾಟದ ಉಪಕರಣ ಹಾಗೂ ಹೊರಗೊಬ್ಬ ಹಿಡಿದ ಹಗ್ಗ ಎಂದಿತ್ತು, ಎರಡೂ ಇರಲಿ. ಒಳಗಿದ್ದವನು ಕುಸಿದರೆ ಹಗ್ಗ ಎಳೆಯಬೇಕೇ ಹೊರತು, ಹೊರಗಿನವನು ಉಸಿರಾಟದ ಉಪಕರಣವಿಲ್ಲದೆ ಒಳಗೆ ಹಾರಬಾರದು. ಎರಡನೇ ಸಾವು ಹೆಚ್ಚಾಗಿ ಆಗುವುದು ಹಾಗೆಯೇ.

— ಓದುಗ, ದಾಂಡೇಲಿ