ಆಲ್ಡಿ, ಲಿಡ್ಲ್‌ನಲ್ಲಿ ಮಾಂಸ ಕೊಳ್ಳುವವರಿಗೆ

ಎಲ್ಲರಿಗೂ ನಮಸ್ಕಾರ. ಜರ್ಮನಿಗೆ ಹೊಸದಾಗಿ ಬಂದವರು ಅಗ್ಗದ ಅಂಗಡಿಯ ಮಾಂಸಕ್ಕೆ ಸುಮ್ನೆ ಹೆದರಬೇಡಿ. ನೋಡಿ ಆರಿಸಿದರೆ ಒಳ್ಳೆಯದೇ ಸಿಗುತ್ತದೆ.

ಬಣ್ಣ ಒಂದನ್ನೇ ನಂಬಬೇಡಿ. ಅನಿಲ ತುಂಬಿ ಮುಚ್ಚಿದ ಡಬ್ಬಿಯಲ್ಲಿ ಆಮ್ಲಜನಕ ಜಾಸ್ತಿ ಇರುತ್ತದೆ, ಅದಕ್ಕೇ ಮಾಂಸ ಅಷ್ಟು ಕೆಂಪು. ವ್ಯಾಕ್ಯೂಮ್ ಪ್ಯಾಕಿನದು (ಗಾಳಿ ತೆಗೆದು ಮುಚ್ಚಿದ್ದು) ಕಪ್ಪಗೆ ಕಂಡ ಮಾತ್ರಕ್ಕೆ ಕೆಟ್ಟಿದೆ ಅಂತಲ್ಲ. ಬಿಚ್ಚಿದಾಗ ಬರುವ ಸಣ್ಣ ಹುಳಿ ವಾಸನೆ ಸ್ವಲ್ಪ ಹೊತ್ತಿಗೆ ಹೋಗುತ್ತದೆ. ಹೋಗದಿದ್ದರೆ, ಅಥವಾ ಲೋಳೆಯಾಗಿದ್ದರೆ, ದಯವಿಟ್ಟು ಬಳಸಬೇಡಿ. ತಳದಲ್ಲಿ ನೀರು ತುಂಬ ನಿಂತಿರುವ ಪ್ಯಾಕ್ ಬಿಟ್ಟುಬಿಡಿ.

ಪ್ಯಾಕಿನ ಮೇಲೆ 'ಹಾಲ್ಟುಂಗ್ಸ್‌ಫೋರ್ಮ್' ಅಂತ 1ರಿಂದ 5ರವರೆಗಿನ ಅಂಕಿ ಇರುತ್ತದೆ. ಪ್ರಾಣಿಯನ್ನು ಹೇಗೆ ಸಾಕಿದ್ದಾರೆ ಅನ್ನುವುದಕ್ಕೆ ಅದು ಗುರುತು. 1 ಅಂದರೆ ಬರೀ ಕೊಟ್ಟಿಗೆ, 5 ಅಂದರೆ ಸಾವಯವ. ಕೈಲಾದರೆ 3 ಅಥವಾ ಅದಕ್ಕಿಂತ ಮೇಲಿನದು ತಗೊಳ್ಳಿ, ವಾರಕ್ಕೆ ಒಂದು ಸಲ ಕಡಿಮೆ ತಿಂದರೂ ಪರವಾಗಿಲ್ಲ.

ರಿಯಾಯಿತಿ ಚೀಟಿ ಅಂಟಿಸಿದ ಕೋಳಿ, ಖೀಮಾದಲ್ಲಿ 'ತ್ಸು ಫೆರ್‌ಬ್ರೌಖೆನ್ ಬಿಸ್' (ಈ ದಿನದೊಳಗೆ ಬಳಸಿ) ತಾರೀಖು ನೋಡಿ. ಆ ದಿನ ದಾಟಿದರೆ ತಿನ್ನುವಂತಿಲ್ಲ. ತಂದ ದಿನವೇ ಬೇಯಿಸಿ, ಇಲ್ಲವೇ ಫ್ರೀಜರಿಗೆ ಹಾಕಿ.

ಕೋಳಿ ಸಾರಿಗಾದರೆ ಎದೆಭಾಗ ಯಾಕೆ? ಮೂಳೆ ಇರುವ ಕಾಲು ಕೊಳ್ಳಿ. ಬೆಲೆಯೂ ಕಡಿಮೆ, ರುಚಿಯೂ ಜಾಸ್ತಿ.